ತಾಂತ್ರಿಕ ಶಿಕ್ಷಣದಲ್ಲಿ ಕ್ರಿಯೆ ಮತ್ತು ಜ್ಞಾನ

ಕ್ರಿಯೆಯಿಲ್ಲದ ಜ್ಞಾನವೂ ಜ್ಞಾನವಿಲ್ಲದ ಕ್ರಿಯೆಯೂ ಅಪೂರ್ಣವೆಂಬ ವಿಚಾರ ವಚನ ವಾಙ್ಮಯದ ಅಭ್ಯಾಸಿಗಳಿಗೆ ಹೊಸದಲ್ಲ. ಇಂಜಿನಿಯರಿಂಗ್ ಶಿಕ್ಷಣದ ಚರಿತ್ರೆಯಲ್ಲಿಯೂ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ತಲೆದೋರಿದೆ. ಗಣಿತ, ಭೌತ, ರಸಾಯನ ಶಾಸ್ತ್ರಗಳನ್ನು ಮೊದಲು ಪ್ರತ್ಯೇಕವಾಗಿ ಕಲಿಸಿ ಅನಂತರ ವೃತ್ತಿವಿದ್ಯೆಗೆ ತೊಡಗಿಸಬೇಕೋ, ವೃತ್ತಿಯೊಡನೆಯೇ ಹೆಣೆದು ಕಲಿಸಬೇಕೋ? ಫ್ರಾನ್ಸ್ ದೇಶವು ಇದಕ್ಕೆ ಕೊಟ್ಟ ಉತ್ತರಗಳು ವಿಚಾರಾರ್ಹವಾಗಿವೆ.

ಗಾಸ್ಪಾರ್ ಮೊಂಜ್ (1746-1818) ಬೋನ್ ಎಂಬ ಊರಿನ ಸಾಮಾನ್ಯ ವರ್ತಕನ ಮಗ. ಮೆಜಿಯೇರಿನ ಸೈನಿಕ ಇಂಜಿನಿಯರಿಂಗ್ ಶಾಲೆಯಲ್ಲಿ ಕುಲೀನರ ತರಗತಿಗೆ ಅವನಿಗೆ ಪ್ರವೇಶವಿರಲಿಲ್ಲ. ನಕ್ಷೆ ಬರೆಯುವ, ಮಾದರಿ ಮಾಡುವ ಕೈಕೆಲಸವೇ ಅವನ ಪಾಲಿಗೆ ಬಂದಿತು. ಶತ್ರುವಿನ ಗುಂಡಿಗೆ ಸಿಕ್ಕದಂತೆ ಕೋಟೆಯ ಗೋಡೆಗಳನ್ನು ನಿರ್ಣಯಿಸುವ ಲೆಕ್ಕವೊಂದನ್ನು ಒಪ್ಪಿಸಿದಾಗ, ದೀರ್ಘ ಗಣನೆಯನ್ನು ಬದಿಗಿಟ್ಟು ರೇಖೆಗಳಿಂದಲೇ ಬಿಡಿಸಿದನು. ಇಷ್ಟು ಬೇಗ ಮುಗಿಯುವುದು ಅಸಾಧ್ಯವೆಂದು ಅಧಿಕಾರಿಯು ಮೊದಲಿಗೆ ಅದನ್ನು ನೋಡಲೂ ಒಪ್ಪಲಿಲ್ಲವಂತೆ! ಆ ವಿಧಾನವನ್ನು ವರ್ಷಗಟ್ಟಲೆ ಸೈನ್ಯದ ಗುಟ್ಟಾಗಿ ಕಾಪಾಡಲಾಯಿತು. ವಸ್ತುವನ್ನು ಮೇಲಿನಿಂದ, ಎದುರಿನಿಂದ ಕಂಡಂತೆ ಬರೆಯುವ ಇಂದಿನ ನಕ್ಷಾಶಾಸ್ತ್ರಕ್ಕೆ ಅದೇ ಬುನಾದಿ. ಕಾಯಕದೊಳಗಿಂದ ಶಾಸ್ತ್ರ ಮೂಡಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

1794ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾಗಿ, ಮರುವರ್ಷ ಎಕೋಲ್ ಪಾಲಿಟೆಕ್ನಿಕ್ ಎನಿಸಿಕೊಂಡ ಶಾಲೆಯ ನಿರ್ಮಾಪಕರಲ್ಲಿ ಮೊಂಜ್ ಪ್ರಮುಖನು. ಆರಂಭದ ಯೋಜನೆಯಲ್ಲಿ ತತ್ತ್ವಬೋಧೆ, ಪ್ರಯೋಗಶಾಲೆ, ನಿರ್ಮಾಣವಿದ್ಯೆ ಒಂದೇ ಸೂರಿನಡಿಯಲ್ಲಿದ್ದವು. 1795ರ ಶಾಸನವು ವೃತ್ತಿಶಿಕ್ಷಣವನ್ನು ಸೇತುವೆ-ರಸ್ತೆ, ಗಣಿ ಮೊದಲಾದ ಬೇರೆ ಶಾಲೆಗಳಿಗೆ ಬಿಟ್ಟಿತು. ಬರಬರುತ್ತ ಪಾಲಿಟೆಕ್ನಿಕ್‌ನಲ್ಲಿ ಶುದ್ಧ ಗಣಿತದ ಕೈ ಮೇಲಾಯಿತು. ಕೋಶಿ, ಫ್ರೆನೆಲ್‌ರಂತಹ ಮೇಧಾವಿಗಳು ಅಲ್ಲಿಂದ ಬಂದರೆಂಬುದು ನಿಜ. ಆದರೆ ಕಾರ್ಖಾನೆಗಳ ಅಗತ್ಯಕ್ಕೆ ಅದು ಒದಗಲಿಲ್ಲ. 1829ರಲ್ಲಿ ಎಕೋಲ್ ಸಾಂತ್ರಾಲ್ ಹುಟ್ಟಿದ್ದು ಈ ಕೊರತೆಯಿಂದಲೇ. ಅದರ ಸ್ಥಾಪಕರಲ್ಲಿ ರಸಾಯನಜ್ಞ ದ್ಯುಮಾ, ಭೌತಜ್ಞ ಪೆಕ್ಲೆ, ರೇಖಾಗಣಿತಜ್ಞ ಒಲಿವಿಯೇ ಇದ್ದರು. ಉಷ್ಣತತ್ತ್ವವನ್ನು ಕುಲುಮೆ, ಹೊಗೆಕೊಳವೆಗಳ ಉಪಯೋಗದೊಡನೆ ವಿವೇಚಿಸಿದವನು ಪೆಕ್ಲೆ.

ನಮ್ಮ ಮಠಗಳೂ ಈ ಕ್ಷೇತ್ರಕ್ಕೆ ಇಳಿದಿವೆ. ಸಿದ್ಧಗಂಗೆಯ ಆಶ್ರಯದಲ್ಲಿ ತುಮಕೂರಿನ ತಾಂತ್ರಿಕ ವಿದ್ಯಾಲಯ 1963ರಲ್ಲಿಯೇ ಆರಂಭವಾಯಿತು. ನಾಡಿನ ಕಾಲೇಜುಗಳಲ್ಲಿ ಮೊದಲ ವರ್ಷದ ಭೌತ, ರಸಾಯನಗಳನ್ನು ಪರೀಕ್ಷೆಗಾಗಿ ಓದಿ ಮುಗಿಸಿಬಿಡುವ ರೂಢಿ ಬಹುಕಾಲದ್ದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2022ರ ಪಠ್ಯಕ್ರಮದಲ್ಲಿ ಈ ವಿಷಯಗಳನ್ನು ಆಯಾ ಶಾಖೆಗಳಿಗೆ ಅನುಗುಣವಾಗಿ ವಿಂಗಡಿಸಿದೆ. ಆ ಪಾಠಗಳನ್ನು ಕಲಿಸುವವರು ಕಾರ್ಯಾಗಾರದ ಹೊಸ್ತಿಲು ದಾಟದ ಅಧ್ಯಾಪಕರೋ, ಎರಡನ್ನೂ ಬಲ್ಲವರೋ ಎಂಬುದನ್ನು ಕಾಲೇಜುಗಳ ಆಡಳಿತ ಮಂಡಳಿಗಳೇ ಇತ್ಯರ್ಥಪಡಿಸಬೇಕಾಗಿದೆ.