ಅಯಸ್ಕಾಂತಕ್ಕೊಂದು ಗೇಣು ದೂರ

ಅಮೀನಗಡದ ಕಟ್ಟೆಯಿರಲಿ, ಬೆಂಗಳೂರಿನ ವಾರ್ಡಿರಲಿ, ಪೇಸ್‌ಮೇಕರ್ ಇದ್ದವರ ಬಳಿ ಅಯಸ್ಕಾಂತ ಸುಳಿಯಬಾರದೆಂಬ ಅಂಜಿಕೆ ಒಂದೇ. ಇತಿಹಾಸ ಅದನ್ನು ಅರ್ಧ ಮಾತ್ರ ಒಪ್ಪುತ್ತದೆ. 1958ರಲ್ಲಿ ಸ್ವೀಡನ್ನಿನ ರೋಗಿ ಆರ್ನೆ ಲಾರ್ಸನ್ ಅವರ ದೇಹದೊಳಗೆ ವೈದ್ಯರು ಮೊದಲ ಪೇಸ್‌ಮೇಕರ್ ಇಟ್ಟರು. ಮುಂದಿನ ಯಂತ್ರಗಳಲ್ಲಿ ಅಯಸ್ಕಾಂತಕ್ಕೆ ಸ್ಪಂದಿಸುವ ಸ್ವಿಚ್ಚನ್ನು ತಯಾರಕರೇ ಬೇಕೆಂದು ಕೂಡಿಸಿದರು. ಅಯಸ್ಕಾಂತ ಹಿಡಿದರೆ ಹೆಚ್ಚಿನವು ನಿಲ್ಲುವುದಿಲ್ಲ. ಹೃದಯದ ಸ್ವಂತ ಬಡಿತವನ್ನು ಲೆಕ್ಕಿಸದೆ ಒಂದೇ ಲಯದಲ್ಲಿ ಮಿಡಿಯುತ್ತವೆ.

ಹಾಗಿದ್ದರೆ ಆಸ್ಪತ್ರೆಯಲ್ಲಿ ದೇಹದೊಳಗೆ ತೂರಿಸಿದ ಕ್ಯಾಥೆಟರ್ ಕೊಳವೆಯ ತುದಿ ಹುಡುಕುವ ಕಾಂತ ಸಾಧನಕ್ಕೆ ಅಂಜುವುದೇಕೆ ಎನ್ನಬಹುದು. ಯಂತ್ರದ ಲಯ, ಹೃದಯದ ಲಯ ಎರಡೂ ಡಿಕ್ಕಿಯಾದರೆ ಅಪರೂಪಕ್ಕಾದರೂ ಅಪಾಯವುಂಟು. ದೇಹದೊಳಗೆ ಅಳವಡಿಸಿದ ಡಿಫಿಬ್ರಿಲೇಟರ್ ಇದ್ದರೆ ಅದರ ರಕ್ಷಣೆಯೇ ತಾತ್ಕಾಲಿಕವಾಗಿ ಮಲಗೀತು. ಆದ್ದರಿಂದ ಬೇಕಾದದ್ದು ನಿಷೇಧವಲ್ಲ, ಅಂತರ: ಕನಿಷ್ಠ 15 ಸೆಂಟಿಮೀಟರ್, ಗೇಣಿದ್ದರೆ ಇನ್ನೂ ಒಳ್ಳೆಯದು. ಅದು ಆಗದಿದ್ದರೆ ಎಕ್ಸ್-ರೇಯಲ್ಲೇ ತುದಿ ನೋಡುವುದು ಲೇಸು. ಪೇಸ್‌ಮೇಕರ್ ಗುರುತಿನ ಕಾರ್ಡನ್ನು ವೈದ್ಯರಿಗೆ ಮೊದಲೇ ತೋರಿಸಿ.