ಬುಡೀತ ಖಾತೆ

ಅಪ್ಪನ ಖಾತೆಪುಸ್ತಕಗಳಲ್ಲಿ ಎರಡು ಮಾತ್ರ ನನ್ನ ಹತ್ತಿರ ಉಳಿದಿವೆ. ಕೆಂಪು ಬಟ್ಟೆಯ ರಟ್ಟು, ಉದ್ದುದ್ದ ಹಾಳೆ. ಗೆರೆ ಎಳೆದಿಲ್ಲ, ಹಾಳೆ ಮಡಚಿದ ಗುರುತೇ ಗೆರೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಮೌಳಂಗಿಯಿಂದ ದಿನಾ ಸೈಕಲ್ ತುಳಿದು ದಾಂಡೇಲಿಗೆ ಹೋಗಿ, ಅಲ್ಲೊಬ್ಬ ಟಿಂಬರ್ ವ್ಯಾಪಾರಿಯ ಗುಮಾಸ್ತಿಕೆ ಮಾಡಿ, ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ ಅಪ್ಪನ ಬೆರಳಿಗೆ ಮಸಿಯ ಕಲೆ ಕಾಯಂ. ಆ ಕಾಲದಲ್ಲಿ ವ್ಯಾಪಾರಿಗಳ ವರ್ಷ ದೀಪಾವಳಿಯಿಂದ ದೀಪಾವಳಿಗೆ. ಲಕ್ಷ್ಮೀಪೂಜೆಯ ದಿನ ಹೊಸ ಪುಸ್ತಕಕ್ಕೆ ಅರಿಶಿನ-ಕುಂಕುಮ, ಹಳೆಯದಕ್ಕೆ ಹಗ್ಗ. ಕಟ್ಟುವ ಮೊದಲು ಅಪ್ಪ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಬರೆಯುತ್ತಿದ್ದರು. ಅದರ ತಲೆಬರಹ ಒಂದೇ ಶಬ್ದ: ಬುಡೀತ.

ಮರಾಠಿಯಿಂದ ಬಂದ ಮಾತು, ಮುಳುಗಿದ್ದು ಎಂದರ್ಥ. ಹಳಿಯಾಳ-ದಾಂಡೇಲಿ ಕಡೆಯ ನಮ್ಮ ಲೆಕ್ಕಪತ್ರದ ಕನ್ನಡದಲ್ಲಿ ಇಂಥವು ಬಹಳ. ಉದರಿ ಕೊಟ್ಟು, ತಗಾದೆ ಮಾಡಿ, ವಕೀಲರ ನೋಟೀಸು ಕಳಿಸಿ, ಕೋರ್ಟಿನಲ್ಲಿ ಡಿಕ್ರಿಯನ್ನೂ ಮಾಡಿಸಿಕೊಂಡು ಕಡೆಗೂ ಕೈಗೆ ಬಾರದ ದುಡ್ಡು ಆ ಪಟ್ಟಿಗೆ ಸೇರುತ್ತಿತ್ತು.

ಅಪ್ಪ ಹೇಳುತ್ತಿದ್ದ ಒಂದು ಜಪ್ತಿಯ ಕತೆ ನನಗೆ ಬಾಯಿಪಾಠ. ಒಬ್ಬ ಬಡಗಿ ಮಾಲೀಕರ ಹತ್ತಿರ ಸಾಗವಾನಿ ಉದರಿ ಒಯ್ದಿದ್ದ. ಡಿಕ್ರಿ ಆಯಿತು, ಅಮಲ್ಜಾರಿ ಅರ್ಜಿ ಬಿತ್ತು, ಬೆಲೀಫ ಹೊರಟ, ತೋರಿಸಿಕೊಡಲು ಅಪ್ಪ ಜೊತೆಗೆ. ಬಡಗಿಯ ಮನೆಯಲ್ಲಿ ಕಂಡದ್ದು ಅಡುಗೆಯ ನಾಲ್ಕು ಪಾತ್ರೆ, ಸುತ್ತಿಟ್ಟ ಹಾಸಿಗೆ, ಮೂಲೆಯಲ್ಲಿ ಬಾಚಿ, ಉಳಿ, ಗರಗಸ. ಪಾತ್ರೆ-ಹಾಸಿಗೆ ಮುಟ್ಟುವ ಹಾಗಿಲ್ಲ, ಕಸುಬಿನ ಹತಾರ ಮುಟ್ಟುವ ಹಾಗಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಇವಿಷ್ಟನ್ನೂ ಸಾಲಗಾರನಿಗೇ ಬಿಟ್ಟಿದೆ. ಬಡಗಿಯ ಹೆಂಡತಿ ಇಬ್ಬರಿಗೂ ಚಹಾ ಮಾಡಿಕೊಟ್ಟಳಂತೆ. ಬೆಲೀಫ ಚಹಾ ಕುಡಿದು, ಜಪ್ತಿಗೆ ಯೋಗ್ಯ ಸ್ವತ್ತು ಇಲ್ಲವೆಂದು ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆದ.

ಬರಿಗೈಯಲ್ಲಿ ಬಂದ ಅಪ್ಪನನ್ನು ಮಾಲೀಕರು ಬಯ್ಯಲಿಲ್ಲ. "ಆ ಕಾಗದ ಭದ್ರ ಇಡ್ರಿ, ರೊಕ್ಕ ಐತಿ ಅದರಾಗ" ಅಂದರು.

ಆ ಮಾತಿನ ಅರ್ಥ ನನಗೆ ತಿಳಿದದ್ದು, ದಾಂಡೇಲಿಯಲ್ಲಿ ನಾನೇ ತೆರಿಗೆ ರಿಟರ್ನ್ ತುಂಬಿಕೊಡುವ ಕಸುಬಿಗೆ ಕೂತ ಮೇಲೆ. ವ್ಯಾಪಾರಿ ಸರಕು ಕೊಟ್ಟ ದಿನವೇ ಅದರ ಬೆಲೆಯನ್ನು ಆದಾಯವೆಂದು ಬರೆದು ತೆರಿಗೆ ಕಟ್ಟಿರುತ್ತಾನೆ. ದುಡ್ಡು ಬರಲೇ ಇಲ್ಲವೆಂದರೆ ಅದನ್ನು ಲಾಭದಿಂದ ಕಳೆಯಬೇಕಲ್ಲ, ನ್ಯಾಯದ ಮಾತು. ಇದು ಕಾಯ್ದೆಯ ಪುಸ್ತಕ ಸೇರುವ ಮೊದಲೇ ವ್ಯಾಪಾರಿಗಳು ಇದಕ್ಕಾಗಿ ಬಡಿದಾಡಿದ್ದರು. ಮಧ್ಯಪ್ರಾಂತದ ಲೇವಾದೇವಿದಾರ ಸರ್ ಎಸ್.ಎಂ. ಚಿಟ್ನವೀಸರ ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ 1932ರಲ್ಲಿ ತೀರ್ಮಾನವಾಯಿತು: ಕಾಯ್ದೆಯಲ್ಲಿ ಬರೆದಿರದಿದ್ದರೂ ಮುಳುಗಿದ ಸಾಲವನ್ನು ಕಳೆಯಬಹುದು, ಆದರೆ ಅದು ಮುಳುಗಿದ ವರ್ಷದಲ್ಲೇ. 1939ರ ತಿದ್ದುಪಡಿಯಲ್ಲಿ ಅದು ಕಾಯ್ದೆಗೂ ಬಂತು. ಆಮೇಲೆ ಅರ್ಧ ಶತಮಾನ ಅಧಿಕಾರಿಗೂ ವ್ಯಾಪಾರಿಗೂ ಒಂದೇ ಜಗಳ. ಸಾಲ ಮುಳುಗಿದ್ದು ಹೌದೇ? ಈ ವರ್ಷವೇ ಮುಳುಗಿತೇ, ಹೋದ ವರ್ಷವೇ? ರುಜುವಾತು ಎಲ್ಲಿ? ಬೆಲೀಫನ ಕಾಗದಕ್ಕಿಂತ ಗಟ್ಟಿ ರುಜುವಾತು ಇನ್ನೇನು ಬೇಕು! ವಸೂಲಾಗದ ಡಿಕ್ರಿಗೆ ವಸೂಲಾಗದ ಕಾರಣಕ್ಕೇ ಬೆಲೆ.

ಅರಸು ಅವರ ಸರ್ಕಾರ 1976ರಲ್ಲಿ ಋಣ ಪರಿಹಾರ ಕಾಯ್ದೆ ತಂದು ಸಣ್ಣ ರೈತರ, ಕೂಲಿಯವರ ಸಾಲ ತೀರಿತೆಂದು ಸಾರಿದಾಗ ಎಷ್ಟೋ ಸಾಹುಕಾರರ ಪೆಟ್ಟಿಗೆಯ ಡಿಕ್ರಿಗಳು ಹಾಳೆಗಿಂತ ಹಗುರಾದವು. ಲೇವಾದೇವಿಯನ್ನು ಲೆಕ್ಕ ಇಟ್ಟು ನಡೆಸುತ್ತಿದ್ದವನಿಗೆ ಆಗಲೂ ಬುಡೀತ ಖಾತೆಯ ದಾರಿ ತೆರೆದೇ ಇತ್ತು.

1989-90ರ ನಿರ್ಧಾರಣೆ ವರ್ಷದಿಂದ ದೀಪಾವಳಿಯ ವರ್ಷ ಹೋಯಿತು. ಏಪ್ರಿಲ್‌ನಿಂದ ಮಾರ್ಚ್ ಎಲ್ಲರಿಗೂ ಕಡ್ಡಾಯ. ಹೀಗೆ ಮಾಡಿದ ತಿದ್ದುಪಡಿ ಕಾಯ್ದೆಯೇ ರುಜುವಾತಿನ ಕಾಟವನ್ನೂ ತೆಗೆದುಹಾಕಿತು. ಪುಸ್ತಕದಲ್ಲಿ ಸಾಲವನ್ನು ವಜಾ ಎಂದು ಬರೆದರೆ ಸಾಕು. ಅಧಿಕಾರಿಗಳು ಆಮೇಲೂ ರುಜುವಾತು ಕೇಳುತ್ತಲೇ ಇದ್ದರು, 2010ರಲ್ಲಿ ಟಿ.ಆರ್.ಎಫ್. ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೇಕಿಲ್ಲ ಅಂದಿತು. ದೀಪಾವಳಿ ವರ್ಷ ಹೋದದ್ದಕ್ಕೆ ಅಪ್ಪ ಬಹಳ ದಿನ ಗೊಣಗಿದರು. ಮಾರ್ಚಿ ಬಿಸಿಲಲ್ಲಿ ಯಾವ ಲಕ್ಷ್ಮಿ ಬರತಾಳೋ ಅನ್ನುವುದು ಅವರ ತಕರಾರು.

ಇನ್ನು ನಮ್ಮ ಓಣಿಯ ಕಾಕಾನ ಮಾತು. ಸ್ವಂತ ಕಾಕಾ ಅಲ್ಲ, ಊರಿಗೆಲ್ಲ ಕಾಕಾ. ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಯಾವುದು ಎಂಬುದು ಬೇಡ. ಅದೂ ಇಲ್ಲ, ಅವನೂ ಇಲ್ಲ. 1997-98ರಲ್ಲಿ ಅವನ ಪಗಾರ ತಿಂಗಳಿಗೆ 6,000 ರೂಪಾಯಿ. ಏಪ್ರಿಲ್‌ನಿಂದ ಜುಲೈವರೆಗೆ ಬಂತು. ಮುಂದಿನ ಎಂಟು ತಿಂಗಳು ಇವತ್ತು-ನಾಳೆ ಅನ್ನುತ್ತ ದುಡಿಸಿಕೊಂಡರು. 1936ರ ವೇತನ ಪಾವತಿ ಕಾಯ್ದೆಯ ಪ್ರಕಾರ ಪಗಾರ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ, ದೊಡ್ಡ ಕಾರ್ಖಾನೆಯಾದರೆ ಹತ್ತರೊಳಗೆ ಕೈ ಸೇರಬೇಕಿತ್ತು, ಆದರೆ ಆಗ ಅದು ಅನ್ವಯಿಸುತ್ತಿದ್ದದ್ದು ಕಾಕಾನಿಗಿಂತ ಕಡಿಮೆ ಪಗಾರದವರಿಗೆ ಮಾತ್ರ. ಆ ಕಾಯ್ದೆಯ ಸಾರಾಂಶವನ್ನು ಕಾರ್ಖಾನೆಯಲ್ಲಿ ಹಚ್ಚಿರಬೇಕೆಂಬ ನಿಯಮವೂ ಇತ್ತು. ಹಚ್ಚಿದ್ದರು.

ಮುಂದಿನ ಮಳೆಗಾಲದಲ್ಲಿ ಬ್ಯಾಂಕಿನವರು ಸಾಲಕ್ಕೆ ರಿಟರ್ನ್ ನಕಲು ಕೇಳಿದರೆಂದು ಕಾಕಾ ನನ್ನ ಟೇಬಲ್ಲಿಗೆ ಬಂದ. ಕೊಡೆ ಬಾಗಿಲಿಗೆ ಆನಿಸಿ, ಪ್ಲಾಸ್ಟಿಕ್ ಚೀಲದಿಂದ ಕಂಪನಿಯ ಪಗಾರ ಪತ್ರ ತೆಗೆದ. ಅದರಲ್ಲಿ ಹನ್ನೆರಡು ತಿಂಗಳೂ ಇತ್ತು: 72,000.

ಕೈಗೆ ಬಂದದ್ದು 24,000. ಅಷ್ಟೇ ಲೆಕ್ಕ ಹಿಡಿದರೆ ತೆರಿಗೆಯ ಸುದ್ದಿಯೇ ಇಲ್ಲ. ಆದರೆ 1961ರ ಆದಾಯ ತೆರಿಗೆ ಕಾಯ್ದೆಯ 15ನೇ ಕಲಮು ಹೇಳುವುದು ಬೇರೆ: ಆ ವರ್ಷ ಬರಬೇಕಾದ ಸಂಬಳ, ಕೊಟ್ಟಿರಲಿ ಬಿಡಲಿ, ಆ ವರ್ಷದ ಆದಾಯ. 72,000ದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 20,000 ಹೋದರೆ 52,000. ಆ ವರ್ಷ 40,000ದ ತನಕ ತೆರಿಗೆ ಇಲ್ಲ. ಉಳಿದ 12,000ಕ್ಕೆ ನೂರಕ್ಕೆ ಹತ್ತರಂತೆ 1,200 ರೂಪಾಯಿ. ಪಿ.ಎಫ್. ರಿಯಾಯಿತಿಯಲ್ಲಿ ಒಂದಿಷ್ಟು ಕಡಿಮೆಯಾಗುತ್ತಿತ್ತು, ಇರಲಿ.

"ಕೊಡದ ಪಗಾರಕ್ಕ ನಾನ್ಯಾಕೋ ತಮ್ಮಾ ಟ್ಯಾಕ್ಸ್ ಕಟ್ಟಬೇಕು?" ಅಂದ ಕಾಕಾ.

ನನ್ನ ಹತ್ತಿರ ಉತ್ತರ ಇರಲಿಲ್ಲ, ಕಲಮು ಇತ್ತು. ಅಪ್ಪನ ಮಾಲೀಕರಿಗೆ ಸಿಕ್ಕ ಬುಡೀತದ ಸವಲತ್ತು ಪಗಾರದವನಿಗಿಲ್ಲ. ಸಂಬಳದಿಂದ ಏನು ಕಳೆಯಬಹುದೆಂದು 16ನೇ ಕಲಮು ಹೇಳಿತ್ತು: ಸ್ಟ್ಯಾಂಡರ್ಡ್ ಡಿಡಕ್ಷನ್, ಆತಿಥ್ಯ ಭತ್ಯೆ, ವೃತ್ತಿ ತೆರಿಗೆ. ಮುಳುಗಿದ ಪಗಾರಕ್ಕೆ ಅಲ್ಲಿ ಸಾಲಿರಲಿಲ್ಲ. ಅತ್ತ ಕಂಪನಿ ಅದೇ ಎಂಟು ತಿಂಗಳ ಪಗಾರವನ್ನು, ಕೊಡದೆಯೇ, ಖರ್ಚೆಂದು ಬರೆದು ತನ್ನ ಲಾಭದಿಂದ ಕಳೆದುಕೊಳ್ಳಬಹುದಿತ್ತು. 43ಬಿ ಕಲಮು ಪಿ.ಎಫ್., ಬೋನಸ್ಸುಗಳನ್ನು ನಿಜಕ್ಕೂ ಕೊಟ್ಟರೆ ಮಾತ್ರ ಖರ್ಚೆಂದು ಒಪ್ಪುತ್ತಿತ್ತು. ಪಗಾರದ ಹೆಸರು ಅದರಲ್ಲಿರಲಿಲ್ಲ. ತಡವಾದ ಪಗಾರ ಒಟ್ಟಿಗೇ ಬಂದರೆ 89ನೇ ಕಲಮಿನ ಪರಿಹಾರ ಇತ್ತು. ಅದು ಬಂದವರ ಮಾತು. ದಿನಗೂಲಿಯವರಿಗೆ, ಡಿಪೋದಲ್ಲಿ ದಿಮ್ಮಿ ಉರುಳಿಸುವವರಿಗೆ ಈ ತಾಪತ್ರಯವೂ ಇರಲಿಲ್ಲ. ಅವರ ಗಳಿಕೆ ತೆರಿಗೆಯ ಹೊಸ್ತಿಲ ತನಕ ಬಂದದ್ದೇ ಇಲ್ಲ. ಅವರ ಕೂಲಿ ಮುಳುಗಿದರೆ ಮುಳುಗಿತು, ಯಾವ ಪುಸ್ತಕದಲ್ಲೂ ಗುರುತಿಲ್ಲ. ಅಪ್ಪನ ಪುಸ್ತಕದಲ್ಲೂ ಇಲ್ಲ, ನಾನು ಹುಡುಕಿದ್ದೇನೆ.

ಕಾಕಾ ಮತ್ತವನ ಜೊತೆಗಾರರು ಕೈಗಾರಿಕಾ ವಿವಾದಗಳ ಕಾಯ್ದೆಯ 33ಸಿ ಕಲಮು ಹಿಡಿದು ಹುಬ್ಬಳ್ಳಿಗೆ ಅಲೆದರು. ಬಾಕಿ ಗೊತ್ತುಪಡಿಸಿ ಆದೇಶವಾಯಿತು, ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ವಸೂಲಿ ಪತ್ರವೂ ಹೊರಟಿತು. ಅಷ್ಟರಲ್ಲಿ ಯಂತ್ರಗಳೆಲ್ಲ ಸಾಲಕ್ಕೆ ಒತ್ತೆ ಬಿದ್ದಿದ್ದವು. ಕಂದಾಯ ಇಲಾಖೆಯವರು ಹೋಗಿ ನೋಡಿದ್ದು ಬೀಗ, ಬೀಗದ ಮೇಲೆ ಇನ್ನೊಂದು ಬೀಗ. ಬಡಗಿಯ ಮನೆಗೆ ಹೋಗಿದ್ದ ಬೆಲೀಫನಂತೆ ಇವರೂ ಬರೆದುಕೊಂಡು ಬಂದರು. ಆ ಕಾಗದದಲ್ಲಿ ಮಾತ್ರ ರೊಕ್ಕ ಇರಲಿಲ್ಲ.

ದೊಡ್ಡವರ ಮನೆಯಲ್ಲೂ ಇದೇ ಆಯಿತು ಅನ್ನಿ. ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ನೌಕರರ ತಿಂಗಳುಗಟ್ಟಲೆ ಪಗಾರ ಬಾಕಿ. ಕೊಟ್ಟ ಪಗಾರದಿಂದ ಹಿಡಿದ ತೆರಿಗೆಯೂ ಪೂರ್ತಿ ಸರ್ಕಾರಕ್ಕೆ ಸಂದಿರಲಿಲ್ಲ. ಹಾಗೆ ಹಿಡಿದದ್ದನ್ನು ನೌಕರನಿಂದ ಮತ್ತೆ ಕೇಳಬಾರದೆಂದು 205ನೇ ಕಲಮು ಮೊದಲಿನಿಂದ ಹೇಳುತ್ತಲೇ ಇತ್ತು. ಆದರೂ ಒತ್ತಾಯದ ವಸೂಲಿ ಬೇಡವೆಂದು ನೇರ ತೆರಿಗೆ ಮಂಡಳಿ 2015ರಲ್ಲಿ ಅಧಿಕಾರಿಗಳಿಗೆ ಬರೆದು ತಿಳಿಸಬೇಕಾಯಿತು. 2016ರ ದಿವಾಳಿ ಸಂಹಿತೆ ಕಾರ್ಮಿಕರ 24 ತಿಂಗಳ ಬಾಕಿಯನ್ನು ಒತ್ತೆ ಹಿಡಿದ ಬ್ಯಾಂಕಿನ ಸರಿಸಮ ಕೂರಿಸಿತು, ಸರ್ಕಾರದ ತೆರಿಗೆಯನ್ನು ಅದಕ್ಕಿಂತ ಕೆಳಗಿಟ್ಟಿತು. ಕಾಕಾನ ಕಾರ್ಖಾನೆಗೆ ಅದು ಬಹಳ ತಡ.

ಕಾಕಾನ ರಿಟರ್ನ್ ನಾನು ಹೇಗೆ ತುಂಬಿದೆ ಎಂದು ಕೇಳಬೇಡಿ. ಕಟ್ಟಿದ್ದು ಸೊನ್ನೆ, ಜೊತೆಗೆ ಎರಡು ಪುಟದ ವಿವರಣೆ. ಅಧಿಕಾರಿಯಿಂದ ಪ್ರಶ್ನೆ ಬರಲಿಲ್ಲ. ಓದಿ ಸುಮ್ಮನಾದರೋ, ಓದದೆಯೋ.

ಈಗ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, 2025ರದ್ದು, ಜಾರಿ 2026ರ ಏಪ್ರಿಲ್ 1ರಿಂದ. ಎಷ್ಟೋ ಕಲಮುಗಳ ನಂಬರ್ ಬದಲಾಗಿ ನನ್ನಂಥ ಹಳಬರಿಗೆ ತಲೆ ಕೆಟ್ಟಿದೆ. ಸಂಬಳದ ಕಲಮು ಮಾತ್ರ 15 ಇದ್ದದ್ದು 15ರಲ್ಲೇ ಇದೆ, ಕೊಟ್ಟಿರಲಿ ಬಿಡಲಿ ಎಂಬ ಮಾತೂ ಹಾಗೇ ಇದೆ.

ಮೊನ್ನೆ ಕಾಕಾನ ಹೆಂಡತಿ ಕಾಕು ಮನೆಗೆ ಕರೆದು ಟ್ರಂಕಿನಿಂದ ಆ ವಸೂಲಿ ಪತ್ರದ ನಕಲು ತೆಗೆದು ತೋರಿಸಿದಳು. ನುಸಿಗುಳಿಗೆಯ ವಾಸನೆ, ಮಡಿಕೆಯಲ್ಲಿ ಹರಿದದ್ದು. ಮಗ ಹೋಮ್‌ಸ್ಟೇ ನಡೆಸುತ್ತಾನೆ, ಇವಳು ರೊಟ್ಟಿ ಬಡಿಯುತ್ತಾಳೆ.

"ಇದನ್ನ ಹುಡುಗನ ಟ್ಯಾಕ್ಸಿನ್ಯಾಗ ಹಚ್ಚಾಕ ಬರತೈತೇನೋ?" ಅಂದಳು.

ಬರೂದಿಲ್ಲ ಕಾಕು, ಅಂದೆ. ಅವಳು ಅದನ್ನು ಮೊದಲಿನ ಮಡಿಕೆಗೇ ಮಡಚಿ ರೇಶನ್ ಕಾರ್ಡಿನ ಕೆಳಗಿಟ್ಟಳು. ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು, ಕಾಳಿ ನದಿ ಏರಿತ್ತು. ರಾಫ್ಟಿಂಗಿಗೆ ಹೋದ ಹನ್ನೆರಡು ಮಂದಿ ಉಣ್ಣಲು ಬರುವ ಹೊತ್ತಾಗಿತ್ತು.