ಹಾವು ಕಡಿತ: ಮಳೆಗಾಲದಲ್ಲಿ ಪ್ರತಿ ಮನೆಯವರೂ ತಿಳಿದಿರಬೇಕಾದ ಮಾಹಿತಿ

ನಮ್ಮ ದೇಶದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆಂದು 2000ದಿಂದ 2019ರವರೆಗಿನ ಸಾವುಗಳ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವು ಹಳ್ಳಿಗಳಲ್ಲಿ, ಮಳೆಗಾಲದಲ್ಲಿ ಆಗುವಂಥವು. ಆಸ್ಪತ್ರೆಗೆ ಬಾರದೆ ತೀರಿಕೊಂಡವರು ಸರ್ಕಾರದ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಹೀಗಾಗಿ ಖಾಸಗಿ ಆಸ್ಪತ್ರೆಗಳೂ ಪ್ರತಿ ಪ್ರಕರಣವನ್ನು ವರದಿ ಮಾಡಬೇಕು.

ಹೆಚ್ಚು ಜೀವ ತೆಗೆಯುವವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮಂಡಲದ ಹಾವುಗಳು ಕಡಿದರೆ ಊತ, ನೋವು, ರಕ್ತಸ್ರಾವ ಕಣ್ಣಿಗೆ ಕಾಣುತ್ತದೆ. ಮೋಸ ಮಾಡುವುದು ಕಟ್ಟುಹಾವು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಎಷ್ಟೋ ಸಲ ಗಾಯದ ಗುರುತೂ ಇಲ್ಲ, ಉರಿಯೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಬರುತ್ತದೆ. ಅಜೀರ್ಣ ಎಂದು ಮನೆಯವರು ಕಷಾಯ ಕೊಟ್ಟು ಕೂರುತ್ತಾರೆ. ಅಷ್ಟರಲ್ಲಿ ಕಣ್ಣಿನ ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಉಸಿರಾಟವೇ ನಿಲ್ಲಬಹುದು. ನೆಲದಲ್ಲಿ ಮಲಗಿದ್ದವರಿಗೆ ಹೀಗಾದರೆ ಹಾವು ಕಂಡಿಲ್ಲವೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ವಿಷಕ್ಕೆ ಔಷಧ ಒಂದೇ, ಪ್ರತಿವಿಷ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಿಂದ ಇದನ್ನು ತಯಾರಿಸುತ್ತಾರೆ. ಆ ಕಾರಣಕ್ಕೆ ಯಾರೂ ಹಿಂಜರಿಯಬಾರದು, ಬೇರೆ ದಾರಿಯಿಲ್ಲ. ಒಂದೇ ಪ್ರತಿವಿಷ ಈ ನಾಲ್ಕೂ ಹಾವುಗಳಿಗೆ ನಡೆಯುತ್ತದೆ, ವೈದ್ಯರು ಲಕ್ಷಣ ನೋಡಿ ಕೊಡುತ್ತಾರೆ. ಆದ್ದರಿಂದ ಹಾವನ್ನು ಹುಡುಕಿ ಕೊಲ್ಲುವ ಅಗತ್ಯವೇ ಇಲ್ಲ. ಜೀವದಯೆಯ ಮಾತು ಹಾಗಿರಲಿ, ಹಾಗೆ ಹೋಗಿ ಇನ್ನೊಬ್ಬರು ಕಡಿಸಿಕೊಳ್ಳುವ ಅಪಾಯವಿದೆ. ಇದರಿಂದ ಅಲರ್ಜಿ ಆಗುವ ಸಂಭವವಿರುವುದರಿಂದ ಆಸ್ಪತ್ರೆಯಲ್ಲಿಯೇ ಕೊಡಬೇಕು.

ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕುಯ್ಯುವುದು, ಬಾಯಿಂದ ಹೀರುವುದು, ನಾಟಿ ಔಷಧ, ಮಂತ್ರ ಯಾವುದೂ ಬೇಡ. ಉಂಗುರ, ಬಳೆ, ಕಾಲುಂಗುರ ತಕ್ಷಣ ತೆಗೆಯಿರಿ. ಊತ ಬಂದ ಮೇಲೆ ಬರುವುದಿಲ್ಲ. ಮೂಳೆ ಮುರಿದಾಗ ಮಾಡುವಂತೆ ಕೈಕಾಲಿಗೆ ಪಟ್ಟಿ ಇಟ್ಟು ಅಲುಗಾಡದಂತೆ ನೋಡಿಕೊಳ್ಳಿ, ನಡೆಸಬೇಡಿ. 108ಕ್ಕೆ ಕರೆ ಮಾಡಿ. ಪ್ರತಿವಿಷ ಯಾವ ಆಸ್ಪತ್ರೆಯಲ್ಲಿ ಇರುತ್ತದೆಂದು ಮಳೆ ಹಿಡಿಯುವ ಮೊದಲೇ ವಿಚಾರಿಸಿಟ್ಟುಕೊಂಡರೆ ಒಳ್ಳೆಯದು.

ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ. ತೋಟ, ಗದ್ದೆಗೆ ಗಮ್‌ಬೂಟು, ರಾತ್ರಿ ಹೊರಗೆ ಟಾರ್ಚು. ವ್ಯಾಪಾರಸ್ಥರಿಗೆ ಒಂದು ಮಾತು: ಕಾಳುಕಡಿ ಚೆಲ್ಲಿದ ಗೋದಾಮಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಮೂಟೆಗಳನ್ನು ಗೋಡೆಯಿಂದ ದೂರ, ಹಲಗೆಯ ಮೇಲೆ ಜೋಡಿಸಿ. ಹಮಾಲರು ಮೂಟೆಯ ಸಂದಿಗೆ ಕೈ ಹಾಕುವ ಮೊದಲು ಬೆಳಕು ಬಿಟ್ಟು ನೋಡಲಿ.